ಖುತ್ಬಾ ಕೇಳಿ ಎದ್ದವರು ಏನು ಮಾಡಿದರು?

ಇಸ್ಲಾಮೀ ಇತಿಹಾಸದ ಗ್ರಂಥಗಳಲ್ಲಿ ಪ್ರಸಿದ್ಧ ಖುತ್ಬಾಗಳ ವಿವರ ಬಹಳಷ್ಟಿದೆ. ಯಾರು ಹೇಳಿದರು, ಯಾವ ಸಂದರ್ಭದಲ್ಲಿ ಹೇಳಿದರು, ಏನು ಹೇಳಿದರು ಎಂಬುದೆಲ್ಲ ಅಲ್ಲಿ ಸಿಗುತ್ತದೆ. ಅದೇ ಗ್ರಂಥಗಳನ್ನು ಇನ್ನೊಂದು ಪ್ರಶ್ನೆ ಇಟ್ಟುಕೊಂಡೂ ಓದಬಹುದು: ಕೆಳಗೆ ಕುಳಿತು ಕೇಳಿದವರು ಎದ್ದು ಹೋಗಿ ಏನು ಮಾಡಿದರು? ಮಿಂಬರ್ ಹತ್ತುವವರು ಊರಿಗೆ ಒಬ್ಬಿಬ್ಬರು. ಕೇಳುವವರು ನಾವೆಲ್ಲರೂ. ಆದ್ದರಿಂದ ಈ ಎರಡನೆಯ ಪ್ರಶ್ನೆ ನಮ್ಮೆಲ್ಲರಿಗೂ ಸೇರಿದ್ದು.

ಮೂರು ಮೆಟ್ಟಿಲಿನ ಮಿಂಬರ್

ಕ್ರಿ.ಶ. 622ರಲ್ಲಿ ಪ್ರವಾದಿ ಮುಹಮ್ಮದ್(ಸ)ರು ಮಕ್ಕಾದಿಂದ ಹಿಜ್ರತ್ ಮಾಡಿ ಮೊದಲು ಕುಬಾದಲ್ಲಿ ತಂಗಿದರು. ಅಲ್ಲಿಂದ ಮದೀನಾ ಪಟ್ಟಣದತ್ತ ಹೊರಟ ದಿನ ಶುಕ್ರವಾರ. ದಾರಿಯಲ್ಲಿ ಬನೂ ಸಾಲಿಮ್ ಬಿನ್ ಔಫ್ ಗೋತ್ರದವರು ವಾಸವಾಗಿದ್ದ ರಾನೂನಾ ಕಣಿವೆಯಲ್ಲಿ ಜುಮಾದ ಹೊತ್ತಾಯಿತು. ಮದೀನಾದ ನೆಲದಲ್ಲಿ ಪ್ರವಾದಿ(ಸ)ರು ನಿರ್ವಹಿಸಿದ ಮೊದಲ ಜುಮಾ ಅದು. ಆ ಜಾಗದಲ್ಲಿ ಇಂದು ಮಸ್ಜಿದುಲ್ ಜುಮುಅ ಇದೆ.

ಆನಂತರ ಕಟ್ಟಿದ ಮಸ್ಜಿದುನ್ನಬವಿ ಬಹಳ ಸರಳವಾಗಿತ್ತು. ಹಸಿ ಇಟ್ಟಿಗೆಯ ಗೋಡೆ, ಖರ್ಜೂರದ ಕಾಂಡಗಳ ಕಂಬ, ಅದರ ಗರಿಗಳ ಮಾಡು. ಆರಂಭದಲ್ಲಿ ಮಿಂಬರ್ ಇರಲಿಲ್ಲ. ಪ್ರವಾದಿ(ಸ)ರು ಒಂದು ಖರ್ಜೂರದ ಕಾಂಡಕ್ಕೆ ಒರಗಿ ನಿಂತು ಖುತ್ಬಾ ಕೊಡುತ್ತಿದ್ದರು. ಮುಂದೆ ಅನ್ಸಾರಿ ಮಹಿಳೆಯೊಬ್ಬರು ಬಡಗಿಯಾಗಿದ್ದ ತಮ್ಮ ಸೇವಕನಿಂದ ಮಿಂಬರ್ ಮಾಡಿಸಿಕೊಟ್ಟರು. ಅದಕ್ಕೆ ಮೂರೇ ಮೆಟ್ಟಿಲು. ಪ್ರವಾದಿ(ಸ)ರು ಮೊದಲ ಬಾರಿ ಅದರ ಮೇಲೆ ನಿಂತ ದಿನ ಆ ಹಳೆಯ ಕಾಂಡದಿಂದ ಅಳುವಿನಂತಹ ಧ್ವನಿ ಕೇಳಿಬಂತು, ಪ್ರವಾದಿ(ಸ)ರು ಕೆಳಗಿಳಿದು ಬಂದು ಅದನ್ನು ಸವರಿ ಸಮಾಧಾನಪಡಿಸಿದರು ಎಂದು ಸಹೀಹ್ ಬುಖಾರಿಯಲ್ಲಿದೆ. ಮುಂದಿನ ತಲೆಮಾರಿನ ಮಹಾನ್ ವಿದ್ವಾಂಸರಾದ ಹಸನ್ ಬಸರಿಯವರು ಈ ಘಟನೆಯನ್ನು ಹೇಳುವಾಗಲೆಲ್ಲ ಅಳುತ್ತಿದ್ದರಂತೆ. ಒಂದು ಮರದ ತುಂಡೇ ಪ್ರವಾದಿ(ಸ)ರಿಗಾಗಿ ಹಂಬಲಿಸಿತು, ಹಾಗೆ ಹಂಬಲಿಸಬೇಕಾದವರು ನಾವಲ್ಲವೇ ಎಂಬುದು ಅವರ ಮಾತಿನ ತಾತ್ಪರ್ಯ.

ಆ ಮಿಂಬರ್‌ನಿಂದ ಬರುತ್ತಿದ್ದ ಖುತ್ಬಾ ದೀರ್ಘವಾಗಿರುತ್ತಿರಲಿಲ್ಲ. ನಮಾಝನ್ನು ತುಸು ದೀರ್ಘವಾಗಿಸಿ ಖುತ್ಬಾವನ್ನು ಚಿಕ್ಕದಾಗಿಸುವುದು ಧರ್ಮದ ತಿಳುವಳಿಕೆಯ ಲಕ್ಷಣ ಎಂದು ಪ್ರವಾದಿ(ಸ)ರು ಕಲಿಸಿದ್ದನ್ನು ಹಝ್ರತ್ ಅಮ್ಮಾರ್(ರ) ವರದಿ ಮಾಡಿದ್ದಾರೆ. ಹೇಳುತ್ತಿದ್ದ ವಿಷಯಗಳೂ ಪ್ರತಿ ವಾರ ಹೊಸತಾಗಿರಬೇಕೆಂದಿರಲಿಲ್ಲ. ಹಝ್ರತ್ ಉಮ್ಮು ಹಿಶಾಮ್ ಬಿಂತ್ ಹಾರಿಸ(ರ) ಎಂಬ ಅನ್ಸಾರಿ ಮಹಿಳೆ ಪ್ರವಾದಿ(ಸ)ರ ನೆರೆಯವರು. ಎರಡೂ ಮನೆಯವರು ಸುಮಾರು ಎರಡು ವರ್ಷ ರೊಟ್ಟಿ ಸುಡುತ್ತಿದ್ದುದು ಒಂದೇ ಒಲೆಯಲ್ಲಿ. ಸೂರಃ ಕಾಫ್ ತನಗೆ ಬಾಯಿಪಾಠವಾದದ್ದು ಪ್ರವಾದಿ(ಸ)ರು ಜುಮಾ ದಿನಗಳಲ್ಲಿ ಮಿಂಬರ್ ಮೇಲೆ ಅದನ್ನು ಓದುತ್ತಿದ್ದುದನ್ನು ಕೇಳಿ ಕೇಳಿಯೇ ಎಂದು ಅವರು ಹೇಳಿದ್ದು ಸಹೀಹ್ ಮುಸ್ಲಿಮ್‌ನಲ್ಲಿ ದಾಖಲಾಗಿದೆ. 45 ಸೂಕ್ತಗಳ ಆ ಅಧ್ಯಾಯ ಮರಣ, ಪುನರುತ್ಥಾನ ಮತ್ತು ಲೆಕ್ಕಾಚಾರದ ದಿನದ ಬಗ್ಗೆ ಇದೆ. ಕೇಳಿದ್ದನ್ನೇ ಮತ್ತೆ ಕೇಳುವುದು ಆ ಮಹಿಳೆಗೆ ಬೇಸರವಾಗಲಿಲ್ಲ. ಒಂದಿಡೀ ಅಧ್ಯಾಯ ಅವರದಾಯಿತು.

ಹನ್ನೆರಡು ಜನ ಉಳಿದ ಶುಕ್ರವಾರ

ಸಹಾಬಿಗಳ ಬಗ್ಗೆ ಮಾತನಾಡುವಾಗ, ಅವರು ಹುಟ್ಟಿನಿಂದಲೇ ಹಾಗಿದ್ದರು, ನಮ್ಮಂಥವರಿಗೆ ಅದೆಲ್ಲ ಎಟುಕದು ಎಂಬ ಭಾವನೆ ನಮ್ಮಲ್ಲಿ ಬಂದುಬಿಡುತ್ತದೆ. ಆದರೆ ಕುರ್‌ಆನ್ ಅವರ ಒಂದು ಶುಕ್ರವಾರವನ್ನು ಮರೆಮಾಚದೆ ನಮ್ಮ ಮುಂದಿಟ್ಟಿದೆ. ಪ್ರವಾದಿ(ಸ)ರು ಖುತ್ಬಾ ಕೊಡುತ್ತಿದ್ದಾಗ ದವಸಧಾನ್ಯ ಹೊತ್ತ ವ್ಯಾಪಾರದ ಒಂಟೆಗಳ ತಂಡವೊಂದು ಮದೀನಾಕ್ಕೆ ಬಂತು. ಸದ್ದು ಕೇಳಿದ ಜನ ಎದ್ದು ಅತ್ತ ಹೋದರು. ಉಳಿದವರು ಹನ್ನೆರಡೇ ಮಂದಿ ಎಂದು ಹಝ್ರತ್ ಜಾಬಿರ್(ರ) ಹೇಳಿದ್ದಾರೆ. ಪ್ರವಾದಿ(ಸ)ರು ಮಿಂಬರ್ ಮೇಲೆ ನಿಂತೇ ಇದ್ದರು. ಸೂರಃ ಅಲ್ ಜುಮುಅದ ಕೊನೆಯ ಸೂಕ್ತ ಅವತೀರ್ಣವಾದದ್ದು ಈ ಸಂದರ್ಭದಲ್ಲಿ. ವ್ಯಾಪಾರ ಮತ್ತು ವಿನೋದಕ್ಕಿಂತ ಅಲ್ಲಾಹನ ಬಳಿ ಇರುವುದೇ ಉತ್ತಮ, ಅನ್ನ ಕೊಡುವವನು ಅವನೇ ಎಂದು ಅದು ಎದ್ದು ಹೋದವರಿಗೆ ನೆನಪಿಸಿತು.

ಆ ದಿನ ಎದ್ದು ಹೋದ ಊರಿನವರೇ ಕೇಳುವುದನ್ನು ಕಲಿತರು. ಈ ಕಲಿಕೆಗೆ ಕಾಲ ಹಿಡಿಯಿತು. ಮದ್ಯ ನಿಷೇಧದ ಚರಿತ್ರೆ ಇದನ್ನು ಚೆನ್ನಾಗಿ ತೋರಿಸುತ್ತದೆ. ಮದ್ಯದಲ್ಲಿ ಲಾಭಕ್ಕಿಂತ ಪಾಪವೇ ದೊಡ್ಡದು ಎಂದು ಮೊದಲು ತಿಳಿಸಲಾಯಿತು (ಅಲ್ ಬಕರ: 219). ಅಮಲಿನಲ್ಲಿ ನಮಾಝ್‌ನ ಹತ್ತಿರ ಬರಬಾರದು ಎಂಬ ಆದೇಶ ಆಮೇಲೆ ಬಂತು (ಅನ್ನಿಸಾ: 43). ಪೂರ್ಣ ನಿಷೇಧ ಬಂದದ್ದು ಕೊನೆಗೆ (ಅಲ್ ಮಾಇದ: 90).

ಆ ಕೊನೆಯ ಆದೇಶ ಬಂದ ದಿನ ಹಝ್ರತ್ ಅನಸ್(ರ) ಇನ್ನೂ ಹುಡುಗ. ತಮ್ಮ ಮಲತಂದೆ ಹಝ್ರತ್ ಅಬೂ ತಲ್ಹಾ(ರ)ರ ಮನೆಯಲ್ಲಿ ಸೇರಿದ್ದವರಿಗೆ ಖರ್ಜೂರದ ಮದ್ಯ ಬಡಿಸುತ್ತಿದ್ದರು. ಮದ್ಯ ನಿಷೇಧವಾಯಿತೆಂದು ಹೊರಗೆ ಒಬ್ಬರು ಕೂಗಿ ಸಾರಿದರು. ಅದನ್ನು ಹೊರಗೆ ಚೆಲ್ಲಿಬಿಡು ಎಂದರು ಅಬೂ ತಲ್ಹಾ. ಮದೀನಾದ ಓಣಿಗಳಲ್ಲಿ ಮದ್ಯ ಹರಿಯಿತು. ಸುದ್ದಿ ನಿಜವೇ ಎಂದು ಯಾರೂ ಮರುವಿಚಾರಣೆ ಮಾಡಲಿಲ್ಲ, ಕೈಯಲ್ಲಿದ್ದ ಲೋಟವನ್ನಾದರೂ ಮುಗಿಸೋಣ ಎನ್ನಲಿಲ್ಲ.

ಇದು ಹೇಗೆ ಸಾಧ್ಯವಾಯಿತು ಎಂಬುದನ್ನು ಹಝ್ರತ್ ಆಯಿಶಾ(ರ) ವಿವರಿಸಿದ್ದಾರೆ. ಕುರ್‌ಆನ್‌ನಲ್ಲಿ ಮೊದಲು ಬಂದದ್ದು ಸ್ವರ್ಗ ನರಕಗಳ ವಿವರ. ಜನರ ಮನಸ್ಸು ಇಸ್ಲಾಮಿನಲ್ಲಿ ನೆಲೆನಿಂತ ಮೇಲೆ ಹಲಾಲ್ ಹರಾಮ್‌ಗಳ ನಿಯಮಗಳು ಬಂದವು. ಮದ್ಯ ಕುಡಿಯಬೇಡಿ ಎಂಬುದೇ ಮೊದಲ ಮಾತಾಗಿದ್ದರೆ ನಾವದನ್ನು ಎಂದೂ ಬಿಡಲಾರೆವು ಎಂದು ಜನ ಹೇಳಿಬಿಡುತ್ತಿದ್ದರು ಎಂಬುದು ಅವರ ಮಾತಿನ ಸಾರ. ಓಣಿಯಲ್ಲಿ ಮದ್ಯ ಹರಿದದ್ದು ಒಂದು ಗಳಿಗೆಯ ಕೆಲಸ. ಅದರ ಹಿಂದೆ ವರ್ಷಗಟ್ಟಲೆ ಕೇಳಿದ ಮಾತುಗಳಿದ್ದವು. ಹಾಗಾಗಿ ಒಂದು ಖುತ್ಬಾದಿಂದ ನಮ್ಮಲ್ಲಿ ಬದಲಾವಣೆ ಕಾಣದಿದ್ದರೆ ಕೇಳುವುದನ್ನೇ ಬಿಡುವುದು ಸರಿಯಲ್ಲ. ವರ್ಷಗಟ್ಟಲೆ ಕೇಳಿಯೂ ಯಾವುದನ್ನೂ ಬಿಟ್ಟಿಲ್ಲ, ಯಾವುದನ್ನೂ ಹೊಸದಾಗಿ ಹಿಡಿದಿಲ್ಲ ಎಂದಾದರೆ ಮಾತ್ರ ಚಿಂತಿಸಬೇಕು.

ಖುತ್ಬಾ ಮುಗಿಯುವ ಮೊದಲೇ

ಕೆಲವೊಮ್ಮೆ ಖುತ್ಬಾದ ಫಲ ಅಲ್ಲಿಯೇ, ಅದೇ ಹೊತ್ತಿನಲ್ಲಿ ಕಾಣಿಸಿಕೊಂಡದ್ದೂ ಇದೆ. ಒಮ್ಮೆ ಮುದರ್ ಗೋತ್ರದ ಕೆಲವರು ಮದೀನಾಕ್ಕೆ ಬಂದರು. ಮೈಮೇಲೆ ಸರಿಯಾದ ಬಟ್ಟೆ ಇರಲಿಲ್ಲ. ಅವರ ಬಡತನ ಕಂಡು ಪ್ರವಾದಿ(ಸ)ರ ಮುಖ ಬಾಡಿತು. ನಮಾಝ್‌ನ ನಂತರ ಖುತ್ಬಾ ಕೊಟ್ಟರು. ಮನುಷ್ಯರೆಲ್ಲ ಒಂದೇ ಜೀವದಿಂದ ಹುಟ್ಟಿದವರೆಂದು ನೆನಪಿಸಿದರು. ದೀನಾರ್ ಆಗಲಿ, ಬಟ್ಟೆಯಾಗಲಿ, ಒಂದಳತೆ ಗೋಧಿಯಾಗಲಿ, ಕೊನೆಗೆ ಅರ್ಧ ಖರ್ಜೂರವೇ ಆಗಲಿ, ಇದ್ದುದನ್ನು ಕೊಡಿರೆಂದರು. ಅನ್ಸಾರಿಯೊಬ್ಬರು ಕೈಗೆ ಭಾರವಾಗುವಷ್ಟು ತುಂಬಿದ್ದ ಚೀಲವನ್ನು ತಂದಿಟ್ಟರು. ಅವರ ಹಿಂದೆ ಇನ್ನೊಬ್ಬರು, ಮತ್ತೊಬ್ಬರು. ನೋಡನೋಡುತ್ತ ಆಹಾರ ಮತ್ತು ಬಟ್ಟೆಗಳ ಎರಡು ರಾಶಿ ಬೆಳೆಯಿತು. ಪ್ರವಾದಿ(ಸ)ರ ಮುಖ ಬೆಳಗಿತು ಎಂದು ಹಝ್ರತ್ ಜರೀರ್(ರ) ವರದಿ ಮಾಡಿದ್ದಾರೆ. ಒಳ್ಳೆಯ ರೂಢಿಯೊಂದನ್ನು ಆರಂಭಿಸಿದವನಿಗೆ ಅದನ್ನು ಅನುಸರಿಸಿದವರ ಪುಣ್ಯದಷ್ಟೇ ಪುಣ್ಯವಿದೆ ಎಂಬ ಪ್ರಸಿದ್ಧ ವಚನ ಹೊರಟದ್ದು ಇದೇ ಸಂದರ್ಭದಲ್ಲಿ. ಎಲ್ಲರೂ ಕೇಳಿದ್ದರು. ಮೊದಲು ಎದ್ದವರು ಒಬ್ಬರು. ಹದೀಸ್ ಆ ಮೊದಲಿಗನ ಬೆಲೆ ಹೇಳುತ್ತದೆ.

ಈದ್‌ನ ಖುತ್ಬಾವೊಂದರ ನೆನಪೂ ಇದೆ. ಪ್ರವಾದಿ(ಸ)ರು ಪುರುಷರಿಗೆ ಖುತ್ಬಾ ಕೊಟ್ಟ ಮೇಲೆ, ಹಿಂದಿದ್ದ ಮಹಿಳೆಯರಿಗೆ ಅದು ಕೇಳಿಸಿರಲಿಕ್ಕಿಲ್ಲ ಎಂದು ಭಾವಿಸಿ ಅವರ ಬಳಿಗೆ ಹೋದರು. ಅವರಿಗೂ ಉಪದೇಶಿಸಿ ಸದಕಾ ಕೊಡಲು ಹೇಳಿದರು. ಜೊತೆಗಿದ್ದ ಹಝ್ರತ್ ಬಿಲಾಲ್(ರ) ತಮ್ಮ ಬಟ್ಟೆಯನ್ನು ಹಿಡಿದು ನಿಂತರು. ಮಹಿಳೆಯರು ಕಿವಿಯ ಓಲೆ, ಬೆರಳಿನ ಉಂಗುರಗಳನ್ನು ತೆಗೆದು ಅದರಲ್ಲಿ ಹಾಕಿದರು. ಹಬ್ಬದ ದಿನ ಹಾಕಿಕೊಂಡು ಬಂದ ಆಭರಣ ಅದು. ಇಲ್ಲಿ ಎರಡು ವಿಷಯಗಳಿವೆ. ಮಾತು ಕೇಳಿಸದೆ ಯಾರೂ ಉಳಿಯಬಾರದು ಎಂಬ ಪ್ರವಾದಿ(ಸ)ರ ಕಾಳಜಿ ಒಂದು. ಕೇಳಿಸಿದ ಕೂಡಲೇ ಕಿವಿಯಿಂದ ಓಲೆ ಬಿಚ್ಚಿದ ಆ ತಾಯಂದಿರ ಮನಸ್ಸು ಇನ್ನೊಂದು.

ಬಾಳಿನುದ್ದಕ್ಕೂ ಉಳಿದ ಮಾತು

ಒಂದು ದಿನದ ಉತ್ಸಾಹಕ್ಕಿಂತ ಕಷ್ಟದ್ದು ಕೇಳಿದ್ದನ್ನು ಬಾಳಿನುದ್ದಕ್ಕೂ ಉಳಿಸಿಕೊಳ್ಳುವುದು. ಹಝ್ರತ್ ಹಕೀಮ್ ಬಿನ್ ಹಿಝಾಮ್(ರ) ಪ್ರವಾದಿ(ಸ)ರಲ್ಲಿ ಒಂದಾದ ಮೇಲೊಂದರಂತೆ ಮೂರು ಬಾರಿ ಸಂಪತ್ತು ಕೇಳಿದರು. ಮೂರು ಬಾರಿಯೂ ಪ್ರವಾದಿ(ಸ)ರು ಕೊಟ್ಟರು. ಕೊಟ್ಟ ಮೇಲೆ, ದುರಾಸೆಯಿಂದ ಪಡೆದದ್ದರಲ್ಲಿ ಬರ್ಕತ್ ಇರುವುದಿಲ್ಲ, ನೀಡುವ ಕೈ ಪಡೆಯುವ ಕೈಗಿಂತ ಉತ್ತಮ ಎಂದು ತಿಳಿಹೇಳಿದರು. ಇನ್ನು ಯಾರಿಂದಲೂ ಏನನ್ನೂ ಪಡೆಯುವುದಿಲ್ಲ ಎಂದು ಹಕೀಮ್ ಅಂದೇ ಆಣೆಯಿಟ್ಟರು. ಖಲೀಫ ಅಬೂಬಕರ್(ರ)ರು ಅವರ ಪಾಲನ್ನು ಕೊಡಲು ಕರೆದರೂ ತೆಗೆದುಕೊಳ್ಳಲಿಲ್ಲ. ಖಲೀಫ ಉಮರ್(ರ)ರಂತೂ, ನಾನು ಇವರ ಹಕ್ಕನ್ನು ಕೊಡುತ್ತಿದ್ದೇನೆ, ಇವರೇ ಒಲ್ಲೆ ಎನ್ನುತ್ತಿದ್ದಾರೆ ಎಂದು ಜನರನ್ನು ಸಾಕ್ಷಿ ಮಾಡಬೇಕಾಯಿತು. ಹಕೀಮ್ ಮರಣದವರೆಗೂ ಆ ಮಾತಿಗೆ ತಪ್ಪಲಿಲ್ಲ.

ಹಝ್ರತ್ ಅಬ್ದುಲ್ಲಾ ಬಿನ್ ಉಮರ್(ರ) ಯುವಕರಾಗಿದ್ದಾಗ ಒಂದು ಕನಸು ಕಂಡರು. ಅವರ ಸಹೋದರಿ, ಪ್ರವಾದಿಪತ್ನಿ ಹಝ್ರತ್ ಹಫ್ಸಾ(ರ) ಅದನ್ನು ಪ್ರವಾದಿ(ಸ)ರಿಗೆ ತಿಳಿಸಿದರು. ಅಬ್ದುಲ್ಲಾ ಒಳ್ಳೆಯ ವ್ಯಕ್ತಿ, ರಾತ್ರಿಯ ನಮಾಝ್ ಮಾಡುವಂತಾದರೆ ಎಷ್ಟು ಚೆನ್ನ ಎಂಬರ್ಥದ ಒಂದು ಮಾತು ಪ್ರವಾದಿ(ಸ)ರಿಂದ ಬಂತು. ಅದು ಆದೇಶವಲ್ಲ, ಗದರಿಕೆಯಲ್ಲ. ಅಂದಿನಿಂದ ಅವರು ರಾತ್ರಿ ನಿದ್ದೆ ಮಾಡಿದ್ದು ಸ್ವಲ್ಪವೇ ಎಂದು ಅವರ ಮಗ ಸಾಲಿಮ್ ಹೇಳಿದ್ದಾರೆ.

ಕೇಳಿದ್ದನ್ನು ಮಾಡುವಾಗ ಮನಸ್ಸಿಗೆ ನೋವಾಗುವ ಸಂದರ್ಭಗಳೂ ಬಂದವು. ಹಝ್ರತ್ ಅಬೂಬಕರ್(ರ)ರು ಮಿಸ್ತಹ್ ಎಂಬ ಬಡ ಸಂಬಂಧಿಕರಿಗೆ ಖರ್ಚಿಗೆ ಕೊಡುತ್ತಿದ್ದರು. ಅಂತಹ ಮಿಸ್ತಹ್, ಅಬೂಬಕರ್(ರ)ರ ಮಗಳು ಹಝ್ರತ್ ಆಯಿಶಾ(ರ)ರ ಮೇಲೆ ಹೊರಿಸಿದ ಸುಳ್ಳು ಆರೋಪದ ಮಾತಿನಲ್ಲಿ ಸೇರಿಕೊಂಡರು. ಇನ್ನು ಇವನಿಗೆ ಏನೂ ಕೊಡುವುದಿಲ್ಲ ಎಂದು ತಂದೆ ಆಣೆಯಿಟ್ಟರು. ಆ ನೋವು ಯಾವ ತಂದೆಗೂ ಅರ್ಥವಾದೀತು. ಆಗ ಸೂರಃ ಅನ್ನೂರ್‌ನ 22ನೇ ಸೂಕ್ತ ಅವತೀರ್ಣವಾಯಿತು. ಅನುಕೂಲ ಉಳ್ಳವರು ಬಂಧುಗಳಿಗೆ ಕೊಡುವುದನ್ನು ನಿಲ್ಲಿಸುವ ಆಣೆ ಇಡಬಾರದು, ಕ್ಷಮಿಸಬೇಕು ಎಂದು ತಿಳಿಸಿ, ಅಲ್ಲಾಹನು ನಿಮ್ಮನ್ನು ಕ್ಷಮಿಸುವುದು ನಿಮಗೆ ಬೇಡವೇ ಎಂದು ಅದು ಕೇಳುತ್ತದೆ. ಅಬೂಬಕರ್(ರ)ರು ಬೇಕೆಂದರು. ನಿಲ್ಲಿಸಿದ್ದ ಸಹಾಯವನ್ನು ಮತ್ತೆ ಆರಂಭಿಸಿದರು.

ಅಧಿಕಾರದಲ್ಲಿದ್ದವನಿಗೆ ಕೇಳುವುದು ಇನ್ನೂ ಕಷ್ಟ. ಉಯೈನಾ ಎಂಬ ಗೋತ್ರ ನಾಯಕ ಖಲೀಫ ಉಮರ್(ರ)ರ ಎದುರು ನಿಂತು, ನೀವು ನ್ಯಾಯವಾಗಿ ಆಳುತ್ತಿಲ್ಲ ಎಂದು ಒರಟಾಗಿ ದೂರಿದ. ಉಮರ್(ರ)ರ ಸಿಟ್ಟು ಏರಿತು. ಹೊಡೆದೇಬಿಡುವರೇನೋ ಎನ್ನುವಂತಾಯಿತು. ಉಯೈನಾನ ಸೋದರನ ಮಗ ಹುರ್ರ್ ಬಿನ್ ಕೈಸ್(ರ), ಅವಿವೇಕಿಗಳ ಗೊಡವೆಗೆ ಹೋಗಬಾರದೆಂದು ಪ್ರವಾದಿ(ಸ)ರಿಗೆ ಆದೇಶಿಸುವ ಕುರ್‌ಆನ್ ಸೂಕ್ತವನ್ನು (ಅಲ್ ಅಅ್‌ರಾಫ್: 199) ಓದಿದರು. ಉಮರ್(ರ)ರು ಅದನ್ನು ದಾಟಿ ಒಂದು ಹೆಜ್ಜೆಯೂ ಇಡಲಿಲ್ಲ. ಅಲ್ಲಾಹನ ಗ್ರಂಥದ ಮುಂದೆ ನಿಂತುಬಿಡುವುದು ಅವರ ಸ್ವಭಾವವಾಗಿತ್ತು ಎಂದು ಇಬ್ನು ಅಬ್ಬಾಸ್(ರ) ಇದನ್ನು ವಿವರಿಸುತ್ತಾರೆ.

ಹತ್ತು ಸೂಕ್ತಗಳ ಪಾಠ

ಕೇಳುವುದು, ಮಾಡುವುದು ಎರಡನ್ನೂ ಒಟ್ಟಿಗೆ ಕಲಿಸುವ ಒಂದು ಕ್ರಮವೇ ಆ ಕಾಲದಲ್ಲಿತ್ತು. ಕೂಫಾದ ಮಸೀದಿಯಲ್ಲಿ ಸುಮಾರು ನಲ್ವತ್ತು ವರ್ಷ ಕುರ್‌ಆನ್ ಕಲಿಸಿದ ಅಬೂ ಅಬ್ದುರ‍್ರಹ್ಮಾನ್ ಅಸ್ಸುಲಮಿಯವರು ತಮಗೆ ಕಲಿಸಿದ ಸಹಾಬಿಗಳ ರೀತಿಯನ್ನು ಹೇಳಿದ್ದಾರೆ. ಆ ಸಹಾಬಿಗಳು ಪ್ರವಾದಿ(ಸ)ರಿಂದ ಹತ್ತು ಸೂಕ್ತಗಳನ್ನು ಕಲಿತರೆ, ಅವುಗಳಲ್ಲಿರುವ ಜ್ಞಾನವನ್ನೂ ಕರ್ಮವನ್ನೂ ಅರಿತುಕೊಳ್ಳುವ ತನಕ ಮುಂದಿನ ಹತ್ತಕ್ಕೆ ಹೋಗುತ್ತಿರಲಿಲ್ಲ. ಇಬ್ನು ಉಮರ್(ರ)ರಿಗೆ 286 ಸೂಕ್ತಗಳ ಸೂರಃ ಅಲ್ ಬಕರವನ್ನು ಕಲಿಯಲು ಎಂಟು ವರ್ಷ ಹಿಡಿಯಿತು ಎಂದು ಇಮಾಮ್ ಮಾಲಿಕ್‌ರ ಮುವತ್ತಾದಲ್ಲಿದೆ. ಅರಬಿ ಅವರ ಮನೆಮಾತು, ನೆನಪಿನ ಶಕ್ತಿಗೆ ಕೊರತೆಯಿಲ್ಲ. ಆದರೂ ಎಂಟು ವರ್ಷ. ಅವರು ಸೂಕ್ತಗಳನ್ನು ಬದುಕಿಗೆ ತರುತ್ತ ಕಲಿಯುತ್ತಿದ್ದರು.

ಪ್ರತಿ ಶುಕ್ರವಾರ ನಮಗೆ ಕೇಳಿಸುವ ಸೂಕ್ತ

ಇಲ್ಲಿಂದ ಸುಮಾರು ಒಂದು ಶತಮಾನ ಮುಂದಕ್ಕೆ ಬರೋಣ. ಉಮಯ್ಯಾ ಆಡಳಿತದಲ್ಲಿ ಮಿಂಬರ್‌ಗಳು ರಾಜಕೀಯ ಹಗೆಯ ಜಾಗವಾಗಿದ್ದವು. ಜುಮಾ ಖುತ್ಬಾದಲ್ಲಿ ಹಝ್ರತ್ ಅಲಿ(ರ)ರನ್ನು ನಿಂದಿಸುವ ಕೆಟ್ಟ ರೂಢಿ ಬೆಳೆದಿತ್ತು. ಹಿಜರಿ 99ರಲ್ಲಿ, ಅಂದರೆ ಕ್ರಿ.ಶ. 717ರಲ್ಲಿ, ಖಲೀಫರಾದ ಉಮರ್ ಬಿನ್ ಅಬ್ದುಲ್ ಅಝೀಝ್(ರಹ್) ಅದನ್ನು ನಿಲ್ಲಿಸಿದರು. ಆ ಜಾಗದಲ್ಲಿ ಸೂರಃ ಅನ್ನಹ್ಲ್‌ನ 90ನೇ ಸೂಕ್ತವನ್ನು ಓದಿಸಿದರು ಎಂದು ಚರಿತ್ರೆಕಾರರು ಬರೆದಿದ್ದಾರೆ. ನ್ಯಾಯ, ಸದ್ವರ್ತನೆ, ಬಂಧುಗಳಿಗೆ ಕೊಡುವುದು ಎಂಬ ಮೂರನ್ನು ಆ ಸೂಕ್ತ ಆದೇಶಿಸುತ್ತದೆ. ಅಶ್ಲೀಲತೆ, ದುಷ್ಕೃತ್ಯ, ಅತಿಕ್ರಮ ಎಂಬ ಮೂರನ್ನು ತಡೆಯುತ್ತದೆ.

ಓದಿಸಿದವರು ಮೊದಲು ತಮ್ಮ ಮನೆಯಿಂದಲೇ ಆರಂಭಿಸಿದರು. ರಾಜಮನೆತನದವರು ಅನ್ಯಾಯವಾಗಿ ವಶಪಡಿಸಿಕೊಂಡಿದ್ದ ಆಸ್ತಿಗಳನ್ನು ಮರಳಿಸುವ ಕೆಲಸಕ್ಕೆ ಕೈಹಾಕಿದಾಗ, ತಮಗೆ ಬಂದಿದ್ದ ಜಮೀನುಗಳನ್ನೇ ಮೊದಲು ಬಿಟ್ಟುಕೊಟ್ಟರು. ಪತ್ನಿ ಫಾತಿಮಾ ಬಿಂತ್ ಅಬ್ದುಲ್ ಮಲಿಕ್‌ರ ಬಳಿ ತಂದೆ ಕೊಟ್ಟಿದ್ದ ಬೆಲೆಬಾಳುವ ಆಭರಣವಿತ್ತು. ಅದನ್ನು ಬೈತುಲ್ ಮಾಲ್‌ಗೆ ಕೊಡುವ ವಿಷಯವನ್ನು ಅವರ ಇಚ್ಛೆಗೇ ಬಿಟ್ಟರು. ಅವರು ಒಪ್ಪಿ ಕೊಟ್ಟರು. ಪತಿಯ ಮರಣಾನಂತರ ಖಲೀಫನಾದ ಅವರ ಸ್ವಂತ ಸಹೋದರ ಆಭರಣವನ್ನು ಮರಳಿಸಲು ಬಂದಾಗಲೂ ಆಕೆ ಬೇಡವೆಂದರು. ಉಮರ್(ರಹ್)ರ ಆಡಳಿತ ಸುಮಾರು ಎರಡೂವರೆ ವರ್ಷವಷ್ಟೇ. ಅವರು ಓದಿಸಿದ ಆ ಸೂಕ್ತ ಇಂದಿಗೂ ಮಿಂಬರ್‌ನಿಂದ ಇಳಿದಿಲ್ಲ.

ನಮ್ಮ ಕರ್ನಾಟಕದ ಅನೇಕ ಮಸೀದಿಗಳಲ್ಲೂ ಎರಡನೇ ಖುತ್ಬಾದ ಕೊನೆಯಲ್ಲಿ ಅರಬಿಯಲ್ಲಿ ಅದನ್ನು ಓದುತ್ತಾರೆ. 'ಇನ್ನಲ್ಲಾಹ ಯಅ್‌ಮುರು ಬಿಲ್ ಅದ್‌ಲಿ' ಎಂದು ಕೇಳಿದೊಡನೆ ಇಕಾಮತ್ ಹತ್ತಿರ ಬಂತೆಂದು ನಾವು ಎದ್ದು ನಿಲ್ಲಲು ಸಿದ್ಧರಾಗುತ್ತೇವೆ. ಖುತ್ಬಾ ಮುಗಿಯುತ್ತಿದೆ ಎಂಬುದರ ಗುರುತಾಗಿಯಷ್ಟೇ ಅದು ನಮಗೆ ಪರಿಚಿತ. ನ್ಯಾಯ ಮಾಡು ಎಂದಾಗ ತಂದೆಯ ಆಸ್ತಿಯಲ್ಲಿ ಇನ್ನೂ ಪಾಲು ಸಿಗದ ಸಹೋದರಿಯ ಮುಖ ನೆನಪಾಗಬೇಕಿತ್ತು. ಬಂಧುಗಳಿಗೆ ಕೊಡು ಎಂದಾಗ, ಜಗಳವಾಗಿ ವರ್ಷಗಳಿಂದ ಮಾತು ಬಿಟ್ಟ ಅಣ್ಣನ ಮನೆ ನೆನಪಾಗಬೇಕಿತ್ತು. ಅತಿಕ್ರಮ ಬೇಡ ಎಂದಾಗ, ತಿಂಗಳು ಕಳೆದರೂ ಸಂಬಳ ಕೊಡದೆ ಕಾಯಿಸಿದ ಕೆಲಸದವನು ನೆನಪಾಗಬೇಕಿತ್ತು. ವಾರಕ್ಕೊಮ್ಮೆ ಎಂದರೆ ವರ್ಷಕ್ಕೆ ಸುಮಾರು 50 ಬಾರಿ ನಾವಿದನ್ನು ಕೇಳುತ್ತೇವೆ. ಕುರ್‌ಆನ್ ಒಬ್ಬನ ಪರವಾಗಿ ಅಥವಾ ಅವನ ವಿರುದ್ಧವಾಗಿ ಸಾಕ್ಷ್ಯವಾಗುತ್ತದೆ ಎಂದು ಪ್ರವಾದಿ(ಸ)ರು ಎಚ್ಚರಿಸಿದ್ದಾರೆ. ಕೇಳಿಲ್ಲ ಎನ್ನುವ ನೆಪ ನಮಗಂತೂ ಉಳಿದಿಲ್ಲ.

ಪ್ರಿಯ ಸಹೋದರ ಸಹೋದರಿಯರೇ, ನಮ್ಮಲ್ಲಿ ಖುತ್ಬಾದ ವಿವರಣೆ ಎಲ್ಲೋ ಕನ್ನಡದಲ್ಲಿ, ಎಲ್ಲೋ ಉರ್ದುವಿನಲ್ಲಿ, ಎಲ್ಲೋ ಬ್ಯಾರಿ ಅಥವಾ ಮಲಯಾಳದಲ್ಲಿ ನಡೆಯುತ್ತದೆ. ಜುಮಾಕ್ಕೆ ಹೋಗದ ಅನೇಕ ತಾಯಂದಿರಿಗೆ ಇಂತಹ ಮಾಸಿಕದ ಪುಟವೇ ಖುತ್ಬಾ. ಭಾಷೆ ಯಾವುದಾದರೂ ಇರಲಿ, ಹತ್ತು ಸೂಕ್ತಗಳ ಆ ಹಳೆಯ ಕ್ರಮವನ್ನು ಪ್ರತಿ ಮನೆಯೂ ತನ್ನ ಅಳತೆಗೆ ತಕ್ಕಂತೆ ಹಿಡಿಯಬಹುದು. ಶುಕ್ರವಾರ ಮಧ್ಯಾಹ್ನದ ಊಟಕ್ಕೆ ಎಲ್ಲರೂ ಕುಳಿತಾಗ, ಇಂದು ಏನು ಹೇಳಿದರು ಎಂದು ಮಕ್ಕಳನ್ನು ಕೇಳಿರಿ. ಅದರಲ್ಲಿ ಮುಂದಿನ ಜುಮಾದೊಳಗೆ ಈ ಮನೆಯಲ್ಲಿ ಆಗಬೇಕಾದ ಕೆಲಸ ಯಾವುದು ಎಂದು ಒಂದನ್ನೇ ಆರಿಸಿಕೊಳ್ಳಿರಿ. ಒಂದು ಫೋನ್ ಕರೆ ಇರಬಹುದು, ತೀರಿಸಬೇಕಾದ ಒಂದು ಸಾಲ ಇರಬಹುದು, ಬಿಡಬೇಕಾದ ಒಂದು ಮಾತಿನ ಚಟ ಇರಬಹುದು. ಅದು ಆಗುವವರೆಗೆ ಮುಂದಿನದಕ್ಕೆ ಹೋಗುವ ಅವಸರ ಬೇಡ.

ಮಾತನ್ನು ಗಮನವಿಟ್ಟು ಕೇಳಿ, ಅದರಲ್ಲಿ ಉತ್ತಮವಾದುದನ್ನು ಅನುಸರಿಸುವವರಿಗೆ ಕುರ್‌ಆನ್ ಶುಭವಾರ್ತೆ ನೀಡಿದೆ (ಅಝ್ಝುಮರ್: 18). ಅಂಥವರ ಸಾಲಿನಲ್ಲಿ ಅಲ್ಲಾಹನು ನಮ್ಮನ್ನೂ ನಮ್ಮ ಮನೆಮಂದಿಯನ್ನೂ ಸೇರಿಸಲಿ. ಆಮೀನ್.